ಆನ್‌ಫೀಲ್ಡ್ ಸ್ಟೇಡಿಯಂ: ತಡವಾದ ಕಾಮಗಾರಿ, ಖಾಲಿಯಾದ ಬೀದಿ

‘ನನೆಗುದಿಗೆ ಬಿದ್ದ ಕಾಮಗಾರಿ’. ಜಿಲ್ಲಾ ಸುದ್ದಿ ಬರೆಯುವ ನಮ್ಮಂಥವರ ಕೈಗೆ ಈ ಮಾತು ಅಂಟಿಬಿಟ್ಟಿದೆ. ಬಸ್ ನಿಲ್ದಾಣವಾಗಲಿ, ಮೇಲ್ಸೇತುವೆಯಾಗಲಿ, ತಾಲ್ಲೂಕು ಕ್ರೀಡಾಂಗಣವಾಗಲಿ, ಸುದ್ದಿಯ ಅಚ್ಚು ಒಂದೇ. ಮಂಜೂರಾದ ವರ್ಷ ಯಾವುದು, ಆಗಿನ ಅಂದಾಜು ವೆಚ್ಚ ಎಷ್ಟು, ಈಗ ಎಷ್ಟಾಗಿದೆ, ಅಧಿಕಾರಿ ಏನೆಂದರು. ಇಷ್ಟು ಬರೆದರೆ ಮುಗಿಯಿತು. ಆ ಕಾಮಗಾರಿಗೆಂದು ಗುರುತು ಹಾಕಿಸಿಕೊಂಡ ಮನೆಗಳಲ್ಲಿ ಅಷ್ಟು ವರ್ಷ ಜನ ಹೇಗೆ ಬದುಕಿದರು ಎಂಬ ಮಾತು ನಮ್ಮ ವರದಿಗಳಲ್ಲಿ ಬರುವುದು ಕಡಿಮೆ.

ಹೀಗೆ ಬಿಟ್ಟುಹೋಗುವುದು ಎಷ್ಟು ದೊಡ್ಡದು ಎಂದು ತಿಳಿಯಲು ದೂರದ ಒಂದು ಊರಿನ ಚರಿತ್ರೆ ಸಹಾಯಕ್ಕೆ ಬರುತ್ತದೆ. ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ ನಮ್ಮೂರುಗಳ ಹುಡುಗರಿಗೂ ಗೊತ್ತು. ಅದರ ಸ್ಟೇಡಿಯಂ ಆನ್‌ಫೀಲ್ಡ್. ಅದನ್ನು ದೊಡ್ಡದು ಮಾಡುವ ಕೆಲಸ ಎರಡು ಸಲ ವರ್ಷಗಟ್ಟಲೆ ನಿಂತುಹೋಯಿತು. ಮೊದಲ ಸಲ ಇಬ್ಬರು ಅಕ್ಕತಂಗಿಯರು ಮನೆ ಮಾರುವುದಿಲ್ಲ ಎಂದದ್ದಕ್ಕೆ. ಎರಡನೆಯ ಸಲ, ಇಲ್ಲೇ ಇರಬೇಕೋ ಬೇರೆಡೆ ಹೋಗಬೇಕೋ ಎಂದು ಕ್ಲಬ್ಬಿಗೇ ತೀರ್ಮಾನವಾಗದ್ದಕ್ಕೆ. ಮೊದಲನೆಯದನ್ನು ಇವತ್ತಿಗೂ ತಮಾಷೆಯ ಕತೆಯಂತೆ ಹೇಳುತ್ತಾರೆ. ಎರಡನೆಯದು ಒಂದು ಬೀದಿಯನ್ನೇ ತಿಂದುಹಾಕಿತು.

ಆನ್‌ಫೀಲ್ಡ್ ಮೈದಾನದಲ್ಲಿ ಆಟ ಶುರುವಾದದ್ದು 1884ರಲ್ಲಿ. ಆಗ ಅಲ್ಲಿ ಆಡುತ್ತಿದ್ದದ್ದು ಲಿವರ್‌ಪೂಲ್ ಅಲ್ಲ, ಎವರ್ಟನ್ ಕ್ಲಬ್. ಜಾಗದ ಹಿಂದೆ ಇದ್ದವರು ಜಾನ್ ಹೌಲ್ಡಿಂಗ್, ಬಿಯರ್ ತಯಾರಿಸುವ ಉದ್ಯಮಿ, ಊರಿನ ರಾಜಕಾರಣಿಯೂ ಹೌದು. ಬಾಡಿಗೆಯ ವಿಚಾರಕ್ಕೆ ಜಗಳವಾಗಿ 1892ರಲ್ಲಿ ಎವರ್ಟನ್ ಎದ್ದು ಹೊರಟಿತು. ಸ್ಟ್ಯಾನ್ಲಿ ಪಾರ್ಕ್ ಎಂಬ ಉದ್ಯಾನದ ಆಚೆ ಬದಿಗೆ, ಒಂದು ಮೈಲಿಗಿಂತ ಕಡಿಮೆ ದೂರದಲ್ಲಿ, ಗುಡಿಸನ್ ಪಾರ್ಕ್ ಕಟ್ಟಿಕೊಂಡಿತು. ಕೈಯಲ್ಲಿ ಮೈದಾನ ಉಳಿಯಿತು, ಆಡಲು ತಂಡವಿಲ್ಲ. ಹೌಲ್ಡಿಂಗ್ ಹೊಸ ತಂಡ ಕಟ್ಟಿದರು. ಅದೇ ಲಿವರ್‌ಪೂಲ್ ಕ್ಲಬ್. ಅಂದರೆ ಈ ಕ್ಲಬ್ ಹುಟ್ಟಿದ್ದೇ ಜಾಗದ ತಕರಾರಿನಿಂದ.

1906ರಲ್ಲಿ ಮೈದಾನದ ಒಂದು ತುದಿಗೆ ಮಣ್ಣು, ಕಸಿಬೂದಿ ಪೇರಿಸಿ ದೊಡ್ಡ ದಿಬ್ಬ ಮಾಡಿ, ಮೆಟ್ಟಿಲು ಕಟ್ಟಿ ಜನ ನಿಂತು ನೋಡುವಂತೆ ಮಾಡಿದರು. ಊರಿನ ಪತ್ರಿಕೆಯ ಕ್ರೀಡಾ ಸಂಪಾದಕರೊಬ್ಬರು ಅದಕ್ಕೆ ಸ್ಪಿಯನ್ ಕಾಪ್ ಎಂಬ ಹೆಸರು ಸೂಚಿಸಿದರು. ಅದು ದಕ್ಷಿಣ ಆಫ್ರಿಕಾದ ಒಂದು ಗುಡ್ಡ. 1900ರ ಜನವರಿಯಲ್ಲಿ ಬೋಯರ್ ಯುದ್ಧದ ವೇಳೆ ಲಿವರ್‌ಪೂಲ್ ಸೀಮೆಯ ಸೈನಿಕರು ಬಹಳ ಮಂದಿ ಅಲ್ಲಿ ಸತ್ತಿದ್ದರು. ಆ ಕಾಳಗದಲ್ಲಿ ಗಾಯಾಳುಗಳನ್ನು ಹೊತ್ತ ಭಾರತೀಯರ ದಳದಲ್ಲಿ ಗಾಂಧೀಜಿಯೂ ಇದ್ದರು.

ಮೈದಾನದ ಸುತ್ತ ಕಾರ್ಮಿಕರ ಮನೆಗಳು. ಒಂದಕ್ಕೊಂದು ಗೋಡೆ ಹಂಚಿಕೊಂಡು ಸಾಲಾಗಿ ನಿಂತ ಇಟ್ಟಿಗೆ ಮನೆಗಳು. ಒಂದು ಕಡೆ ಕೆಮ್ಲಿನ್ ರಸ್ತೆ, ಇನ್ನೊಂದು ಕಡೆ ಲೋಥೇರ್ ರಸ್ತೆ. ಸ್ಟ್ಯಾಂಡಿನ ಬೆನ್ನಿಗೆ ಮನೆ, ಮನೆಯ ಬೆನ್ನಿಗೆ ಸ್ಟ್ಯಾಂಡ್. 1952ರ ಒಂದು ಪಂದ್ಯಕ್ಕೆ 61,905 ಜನ ಬಂದಿದ್ದರು. ಇದು ಆ ಮೈದಾನದ ದಾಖಲೆ. ಕ್ಲಬ್ ಬೆಳೆಯಿತು, ಕಪ್ಪುಗಳು ಬಂದವು, ಜಾಗ ಮಾತ್ರ ಅಷ್ಟೇ ಉಳಿಯಿತು. ಇನ್ನು ಬೆಳೆಯಬೇಕಾದರೆ ನೆರೆಯವರ ಮನೆಯ ಮೇಲೆಯೇ ಬೆಳೆಯಬೇಕು.

ಮೊದಲು ಕಣ್ಣು ಬಿದ್ದದ್ದು ಕೆಮ್ಲಿನ್ ರಸ್ತೆಯ ಮೇಲೆ. ಅಲ್ಲಿನ ಸ್ಟ್ಯಾಂಡಿಗೆ ಎರಡನೇ ಮಹಡಿ ಹಾಕುವ ಯೋಚನೆ. 1970ರ ದಶಕದ ಕೊನೆಯಿಂದ ಕ್ಲಬ್ ಅಲ್ಲಿನ ಮನೆಗಳನ್ನು ಒಂದೊಂದಾಗಿ ಕೊಳ್ಳತೊಡಗಿತು. ಯೋಜನೆಯನ್ನು ಬಹಿರಂಗ ಮಾಡಲಿಲ್ಲ. ಗೊತ್ತಾದರೆ ಬೆಲೆ ಏರುತ್ತದಲ್ಲ. ಸಾಲಿನ ಮನೆಗಳೆಲ್ಲ ಕೈಸೇರಿದವು, ಒಂದು ಉಳಿಯಿತು. ಅದರಲ್ಲಿದ್ದ ಇಬ್ಬರು ಅಕ್ಕತಂಗಿಯರು ಮಾರಲು ಒಪ್ಪಲಿಲ್ಲ. ಯುರೋಪಿನ ದೊಡ್ಡ ಕಪ್ಪುಗಳನ್ನು ಗೆದ್ದು ತರುತ್ತಿದ್ದ ಕ್ಲಬ್ಬು ಒಂದು ಮನೆಯ ಮುಂದೆ ವರ್ಷಗಟ್ಟಲೆ ಕಾಯಬೇಕಾಯಿತು. 1990ರಲ್ಲಿ ಒಪ್ಪಂದವಾಯಿತು. 1992ರಲ್ಲಿ, ಕ್ಲಬ್ಬಿಗೆ ನೂರು ತುಂಬಿದ ವರ್ಷ, ಹೊಸ ಸ್ಟ್ಯಾಂಡ್ ತೆರೆಯಿತು. ಈಗ ಅದಕ್ಕೆ ಆಟಗಾರ, ತರಬೇತುದಾರ ಕೆನ್ನಿ ಡಾಲ್ಗ್ಲಿಷ್ ಹೆಸರಿದೆ.

ಆ ಇಬ್ಬರು ಹೆಂಗಸರನ್ನು ‘ಅಭಿವೃದ್ಧಿಗೆ ಅಡ್ಡಿ’ ಎನ್ನುವುದು ಸುಲಭ. ನಾವಾಗಿದ್ದರೆ ಹಾಗೆಯೇ ಶೀರ್ಷಿಕೆ ಕೊಡುತ್ತಿದ್ದೆವೋ ಏನೋ. ಆದರೆ ಈ ವಿಳಂಬದಲ್ಲಿ ಕ್ಲಬ್ ಕಳೆದುಕೊಂಡದ್ದು ಕೆಲವು ವರ್ಷ. ಸ್ಟ್ಯಾಂಡ್ ಕೊನೆಗೂ ಎದ್ದಿತು. ಅಕ್ಕತಂಗಿಯರು ತಮಗೆ ಒಪ್ಪಿಗೆಯಾದ ಹೊತ್ತಿಗೆ ಮನೆ ಬಿಟ್ಟರು. ಅವರ ಬಳಿ ಇದ್ದ ಬಲ ಒಂದೇ, ‘ಇಲ್ಲ’ ಎನ್ನುವುದು. ಅದನ್ನು ಬಳಸಿದರು.

ಅಷ್ಟರಲ್ಲಿ ದೊಡ್ಡ ದುರಂತವೊಂದು ನಡೆದಿತ್ತು. 1989ರ ಏಪ್ರಿಲ್ 15ರಂದು ಶೆಫೀಲ್ಡ್ ನಗರದ ಹಿಲ್ಸ್‌ಬರೋ ಮೈದಾನದಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಲಿವರ್‌ಪೂಲ್ ಅಭಿಮಾನಿಗಳು ಸತ್ತರು. ಗಾಯದಿಂದ ಮುಂದೆ ತೀರಿಕೊಂಡವರೂ ಸೇರಿ ಸತ್ತವರ ಸಂಖ್ಯೆ 97. ತನಿಖೆ ನಡೆಸಿದ ನ್ಯಾಯಮೂರ್ತಿ ಟೇಲರ್ 1990ರ ಜನವರಿಯಲ್ಲಿ ಕೊಟ್ಟ ಅಂತಿಮ ವರದಿಯಲ್ಲಿ, ದೊಡ್ಡ ಮೈದಾನಗಳಲ್ಲಿ ಪ್ರತಿಯೊಬ್ಬರಿಗೂ ಆಸನ ಇರಬೇಕೆಂದರು. 1994ರಲ್ಲಿ ಕಾಪ್ ದಿಬ್ಬವನ್ನು ಕೆಡವಿ ಆಸನ ಹಾಕಿದರು. ಹಿಂದೆ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನ ನಿಲ್ಲುತ್ತಿದ್ದ ಕಡೆ ಹನ್ನೆರಡು ಸಾವಿರದ ಆಸುಪಾಸು ಜನ ಕೂರುವಂತಾಯಿತು. ಇಡೀ ಸ್ಟೇಡಿಯಂ ಸುಮಾರು 45 ಸಾವಿರಕ್ಕೆ ಇಳಿಯಿತು. 2006ರ ಹೊತ್ತಿಗೆ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿನ ಮೈದಾನ 76 ಸಾವಿರ ಮುಟ್ಟಿತ್ತು, ಲಂಡನ್ನಿನ ಆರ್ಸೆನಲ್ 60 ಸಾವಿರದ ಹೊಸ ಸ್ಟೇಡಿಯಂ ತೆರೆದಿತ್ತು. ಟಿಕೆಟ್ ಹಣದ ಲೆಕ್ಕದಲ್ಲಿ ಲಿವರ್‌ಪೂಲ್ ಪ್ರತಿ ಪಂದ್ಯಕ್ಕೂ ಹಿಂದೆ ಬೀಳುತ್ತಿತ್ತು.

ಕ್ಲಬ್ಬಿಗೆ ಎರಡು ದಾರಿ ಇದ್ದವು. ಇರುವಲ್ಲೇ ಮುಖ್ಯ ಸ್ಟ್ಯಾಂಡನ್ನು ದೊಡ್ಡದು ಮಾಡುವುದು, ಇಲ್ಲವೇ ಹೊಸ ಜಾಗಕ್ಕೆ ಹೋಗುವುದು. ಮುಖ್ಯ ಸ್ಟ್ಯಾಂಡಿನ ಹಿಂದೆಯೇ ಲೋಥೇರ್ ರಸ್ತೆ. 1990ರ ದಶಕದಲ್ಲಿ ಅಲ್ಲಿಯೂ ಮನೆ ಕೊಳ್ಳುವ ಕೆಲಸ ಶುರುವಾಯಿತು. ಕೊಂಡ ಮನೆಗಳಲ್ಲಿ ಹಲವನ್ನು ಬಾಡಿಗೆಗೂ ಕೊಡದೆ, ಕಿಟಕಿ ಬಾಗಿಲಿಗೆ ಹೊದಿಕೆ ಬಡಿದು ಖಾಲಿ ಬಿಟ್ಟರು. ಇದು ಎಲ್ಲರಿಗೂ ತಿಳಿಯುವಂತೆ ಆದದ್ದು 2013ರಲ್ಲಿ, ಗಾರ್ಡಿಯನ್ ಪತ್ರಿಕೆಯ ಡೇವಿಡ್ ಕಾನ್ ಆ ಬೀದಿಗೆ ಹೋಗಿ, ಉಳಿದ ನಿವಾಸಿಗಳನ್ನು ಮಾತಾಡಿಸಿ ಬರೆದ ವರದಿಯಿಂದ.

ಮನೆಗಳನ್ನು ಕೊಳ್ಳುತ್ತಿದ್ದ ಕ್ಲಬ್, 2002ರಲ್ಲಿ ಎರಡನೇ ದಾರಿ ಹಿಡಿಯಿತು. ಪಕ್ಕದ ಸ್ಟ್ಯಾನ್ಲಿ ಪಾರ್ಕಿನಲ್ಲಿ ಹೊಸ ಸ್ಟೇಡಿಯಂ ಕಟ್ಟುತ್ತೇವೆಂದು ಘೋಷಿಸಿತು. 1870ರಲ್ಲಿ ತೆರೆದ ಆ ಉದ್ಯಾನ ಪಾರಂಪರಿಕ ಪಟ್ಟಿಯಲ್ಲಿದೆ. ಆಕ್ಷೇಪ, ಚರ್ಚೆ ಎಲ್ಲ ಮುಗಿದು 2004ರಲ್ಲಿ ನಗರಾಡಳಿತದ ಅನುಮತಿ ಸಿಕ್ಕಿತು. 2006ರಲ್ಲಿ 999 ವರ್ಷಗಳ ಗುತ್ತಿಗೆಗೆ ಜಾಗವೂ ಸಿಕ್ಕಿತು. ಕಾಗದವೆಲ್ಲ ಸರಿಯಿತ್ತು, ಹಣವಿರಲಿಲ್ಲ.

2007ರ ಫೆಬ್ರುವರಿಯಲ್ಲಿ ಅಮೆರಿಕದ ಟಾಮ್ ಹಿಕ್ಸ್ ಮತ್ತು ಜಾರ್ಜ್ ಜಿಲೆಟ್ ಕ್ಲಬ್ ಕೊಂಡರು. ಅರವತ್ತು ದಿನದೊಳಗೆ ಗುದ್ದಲಿ ಬೀಳಬೇಕು ಎಂಬ ಮಾತು ಆಗ ಕೇಳಿಬಂತು. ಆದರೆ ಹಳೆಯ ನಕ್ಷೆ ಅವರಿಗೆ ಹಿಡಿಸಲಿಲ್ಲ. ಇನ್ನೂ ದೊಡ್ಡ ನಕ್ಷೆ ಬರೆಸಿದರು. ಅದಕ್ಕೆ ಮತ್ತೆ ಅರ್ಜಿ, ಮತ್ತೆ ಅನುಮತಿ. 2008ರಲ್ಲಿ ಜಗತ್ತಿನ ಬ್ಯಾಂಕುಗಳು ಕುಸಿದಾಗ ಸಾಲ ಹುಟ್ಟಲಿಲ್ಲ. ಇಬ್ಬರು ಮಾಲೀಕರ ನಡುವೆಯೇ ಬಿರುಕು ಬಿತ್ತು, ಸಾಲ ಕೊಟ್ಟ ಬ್ಯಾಂಕ್ ಕುತ್ತಿಗೆಗೆ ಕೂತಿತು. 2010ರ ಅಕ್ಟೋಬರಿನಲ್ಲಿ ಪ್ರಕರಣ ಲಂಡನ್ ಹೈಕೋರ್ಟಿಗೆ ಹೋಗಿ, ಕ್ಲಬ್ 300 ಮಿಲಿಯನ್ ಪೌಂಡಿಗೆ ಜಾನ್ ಹೆನ್ರಿ ಅವರ ಸಂಸ್ಥೆಯ ಪಾಲಾಯಿತು. ಸ್ಟ್ಯಾನ್ಲಿ ಪಾರ್ಕಿನಲ್ಲಿ ಹೊಸ ಸ್ಟೇಡಿಯಂ ಬರಲೇ ಇಲ್ಲ. 2012ರ ಅಕ್ಟೋಬರಿನಲ್ಲಿ ಹೊಸ ಮಾಲೀಕರು ಹೇಳಿದ್ದು ಹಳೆಯ ಮಾತನ್ನೇ: ಇರುವಲ್ಲೇ ಇರುತ್ತೇವೆ, ಮುಖ್ಯ ಸ್ಟ್ಯಾಂಡನ್ನು ದೊಡ್ಡದು ಮಾಡುತ್ತೇವೆ, ಅದಕ್ಕೆ ಹಿಂದಿನ ಮನೆಗಳು ಬೇಕು.

ಸ್ಟೇಡಿಯಂ ಚರಿತ್ರೆ ಬರೆಯುವವರು ಈ ಹತ್ತು ವರ್ಷವನ್ನು ‘ವ್ಯರ್ಥವಾದ ದಶಕ’ ಎನ್ನುತ್ತಾರೆ. ಕ್ಲಬ್ಬಿನ ಮಟ್ಟಿಗೆ ಸರಿ. ಲೋಥೇರ್ ರಸ್ತೆಯಲ್ಲಿ ಆ ಹತ್ತು ವರ್ಷ ಏನು ನಡೆಯಿತು?

ಗೋಡೆ ಹಂಚಿಕೊಂಡ ಸಾಲುಮನೆಗಳಲ್ಲಿ ಒಂದು ಖಾಲಿಯಾದರೆ ಅದು ಒಂದೇ ಮನೆಯ ವಿಷಯವಲ್ಲ. ಸೋರುವ ಸೂರಿನ ನೀರು ಪಕ್ಕದ ಗೋಡೆಗೂ ಇಳಿಯುತ್ತದೆ. ಖಾಲಿ ಮನೆಗೆ ಕಸ ಬರುತ್ತದೆ, ಕಳ್ಳರು ಬರುತ್ತಾರೆ, ಕಿಡಿಗೇಡಿಗಳು ಬೆಂಕಿ ಇಡುತ್ತಾರೆ. ಪಕ್ಕದವರು ಮಾರೋಣವೆಂದರೆ ಕೊಳ್ಳುವವರಿಲ್ಲ, ಏಕೆಂದರೆ ಈ ಬೀದಿ ಇವತ್ತಲ್ಲ ನಾಳೆ ಒಡೆಯುವ ಬೀದಿ ಎಂದು ಎಲ್ಲರಿಗೂ ಗೊತ್ತು. ರಿಪೇರಿ ಮಾಡಿಸೋಣವೆಂದರೆ ಒಡೆಯುವ ಮನೆಗೆ ಯಾಕೆ ದುಡ್ಡು ಸುರಿಯುವುದು ಎಂಬ ಅನುಮಾನ. ಮೊದಲು ಮಾರಿದವರಿಗೆ ಒಂದು ಬೆಲೆ. ಕೊನೆಯವರೆಗೆ ಉಳಿದವರಿಗೆ, ಪಾಳುಬಿದ್ದ ಬೀದಿಯ ಬೆಲೆ. ಬೆಲೆ ಬೀಳಲು ಕಾರಣವಾದ ಖಾಲಿ ಮನೆಗಳು ಯಾರವೋ, ಈಗ ಕೊಳ್ಳಲು ಕಾಯುತ್ತಿರುವವರೂ ಅವರೇ. ಕಾನನ ವರದಿಯಲ್ಲಿ ಮಾತಾಡಿದ ನಿವಾಸಿಗಳ ಸಿಟ್ಟಿನ ತಿರುಳು ಇದೇ ಆಗಿತ್ತು.

ನ್ಯಾಯವಾಗಿ ಹೇಳಬೇಕೆಂದರೆ, ಆ ಬಡಾವಣೆ ಸೊರಗಿದ್ದಕ್ಕೆ ಕ್ಲಬ್ ಒಂದೇ ಕಾರಣವಲ್ಲ. ಲಿವರ್‌ಪೂಲ್ ಬಂದರು ನಗರ. ಹಡಗಿನ ಕೆಲಸ ಹೋದ ಮೇಲೆ ಜನರೂ ಹೋದರು. 1931ರಲ್ಲಿ ಎಂಟೂವರೆ ಲಕ್ಷದ ಹತ್ತಿರವಿದ್ದ ಜನಸಂಖ್ಯೆ 2001ಕ್ಕೆ ನಾಲ್ಕೂವರೆ ಲಕ್ಷದೊಳಗೆ ಬಂದಿತ್ತು. 2002ರಲ್ಲಿ ಬ್ರಿಟಿಷ್ ಸರ್ಕಾರ ಹಳೆಯ ಸಾಲುಮನೆಗಳನ್ನು ಕೆಡವಿ ಹೊಸದು ಕಟ್ಟುವ ದೊಡ್ಡ ಯೋಜನೆ ತಂದಿತು. ಆನ್‌ಫೀಲ್ಡ್ ಕೂಡ ಅದರಲ್ಲಿತ್ತು. ಅದಕ್ಕಾಗಿಯೂ ಮನೆಗಳು ಖಾಲಿಯಾದವು. 2010ರಲ್ಲಿ ಸರ್ಕಾರ ಬದಲಾಗಿ ಆ ಯೋಜನೆಯ ಹಣ ನಿಂತಿತು. ಖಾಲಿಯಾದ ಮನೆಗಳು ಖಾಲಿಯೇ ಉಳಿದವು. ಹೀಗೆ ಆ ಬಡಾವಣೆಯ ಮೇಲೆ ಒಂದೇ ಕಾಲಕ್ಕೆ ಎರಡು ಯೋಜನೆಗಳು ಕೂತಿದ್ದವು. ಎರಡೂ ಜಾರಿಯಾಗಲಿಲ್ಲ, ಎರಡೂ ರದ್ದೆಂದು ಬಹುಕಾಲ ಯಾರೂ ಹೇಳಲಿಲ್ಲ.

2013ರಲ್ಲಿ ನಗರಾಡಳಿತ, ಕ್ಲಬ್ ಮತ್ತು ವಸತಿ ಸಂಸ್ಥೆ ಸೇರಿ 260 ಮಿಲಿಯನ್ ಪೌಂಡಿನ ಪುನರುಜ್ಜೀವನ ಯೋಜನೆ ಮುಂದಿಟ್ಟವು. ಉಳಿದ ಮನೆಗಳಿಗೆ ಮಾತುಕತೆ ನಡೆಯಿತು. ಒಪ್ಪದಿದ್ದರೆ ಕಡ್ಡಾಯ ಸ್ವಾಧೀನ ಎಂಬ ಮಾತು ಹಿಂದೆ ಇದ್ದೇ ಇತ್ತು. ಕೆಮ್ಲಿನ್ ರಸ್ತೆಯ ಅಕ್ಕತಂಗಿಯರಿಗಿದ್ದ ‘ಇಲ್ಲ’ ಎನ್ನುವ ಬಲ ಇಲ್ಲಿನವರಿಗೆ ಉಳಿದಿರಲಿಲ್ಲ. ಸುತ್ತ ಪಾಳುಬಿದ್ದ ಮನೆಗಳ ನಡುವೆ ಯಾರೂ ಬಹುಕಾಲ ‘ಇಲ್ಲ’ ಎನ್ನಲಾರರು.

ಆಮೇಲೆ ಎಲ್ಲವೂ ಬೇಗ ನಡೆಯಿತು. 2014ರ ಸೆಪ್ಟೆಂಬರಿನಲ್ಲಿ ಅನುಮತಿ, 2016ರ ಸೆಪ್ಟೆಂಬರಿನಲ್ಲಿ ಹೊಸ ಮುಖ್ಯ ಸ್ಟ್ಯಾಂಡಿನಲ್ಲಿ ಮೊದಲ ಪಂದ್ಯ. ಸುಮಾರು 8,500 ಆಸನ ಹೆಚ್ಚಾಗಿ ಸ್ಟೇಡಿಯಂ 54 ಸಾವಿರ ಮುಟ್ಟಿತು. ನೂರು ಮಿಲಿಯನ್ ಪೌಂಡಿಗೂ ಮೀರಿದ ಕೆಲಸ ಎರಡು ವರ್ಷದಲ್ಲಿ ಮುಗಿಯಿತು. ಇನ್ನೊಂದು ತುದಿಯ ಆನ್‌ಫೀಲ್ಡ್ ರಸ್ತೆ ಸ್ಟ್ಯಾಂಡಿಗೆ ಆಗ ಸಿಕ್ಕಿದ್ದ ಅನುಮತಿ ಬಳಕೆಯಾಗದೆ 2019ರಲ್ಲಿ ಅವಧಿ ಮೀರಿತು. ಹೊಸ ಅರ್ಜಿಗೆ 2021ರಲ್ಲಿ ಒಪ್ಪಿಗೆ ಬಂತು. 2023ರಲ್ಲಿ ಗುತ್ತಿಗೆದಾರ ಕಂಪನಿ ದಿವಾಳಿಯೆದ್ದು ಮತ್ತೆ ತಿಂಗಳುಗಟ್ಟಲೆ ತಡ. ಪೂರ್ತಿ ತೆರೆದದ್ದು 2024ರಲ್ಲಿ. ಈಗ ಆನ್‌ಫೀಲ್ಡ್‌ನಲ್ಲಿ 61 ಸಾವಿರ ಜನ ಕೂರಬಹುದು. 1952ರಲ್ಲಿ ನಿಂತು ನೋಡಿದ್ದ ಜನರ ಸಂಖ್ಯೆಯ ಹತ್ತಿರಕ್ಕೆ ಬರಲು 72 ವರ್ಷ ಬೇಕಾಯಿತು.

ಹೊಸ ಮುಖ್ಯ ಸ್ಟ್ಯಾಂಡಿನ ಮುಂದೆ ಅಗಲವಾದ ಅಂಗಳವಿದೆ. ಹಿಲ್ಸ್‌ಬರೋದಲ್ಲಿ ಸತ್ತವರ ಸ್ಮಾರಕವೂ ಅಲ್ಲಿದೆ. ಆ ಹೆಸರುಗಳು ಕಲ್ಲಿನಲ್ಲಿ ಉಳಿದದ್ದು ಸರಿಯೇ. ಅವರ ಮನೆಯವರು ದಶಕಗಟ್ಟಲೆ ಹೋರಾಡಿ ಸತ್ಯವನ್ನು ಹೊರತಂದವರು. ಆ ಸ್ಟ್ಯಾಂಡಿಗಾಗಿ ಎದ್ದುಹೋದ ಮನೆಗಳವರು ಸ್ಟೇಡಿಯಂ ಚರಿತ್ರೆಯಲ್ಲಿ ಬರುವುದು ಒಂದು ಸಾಲಿನಲ್ಲಿ: ‘ಸುತ್ತಲಿನ ಆಸ್ತಿಗಳ ಖರೀದಿ ಪೂರ್ಣಗೊಂಡ ನಂತರ’.

ಯೋಜನೆ ತಡವಾಗುವುದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಆಕ್ಷೇಪ ಕೇಳಲು, ಉದ್ಯಾನ ಉಳಿಸಲು, ಒಂದು ಮನೆಯವರು ಒಪ್ಪುವವರೆಗೆ ಕಾಯಲು ಬೇಕಾದ ತಡ ಒಳ್ಳೆಯದೇ. ಮಾಡುವುದೂ ಇಲ್ಲ, ಕೈಬಿಟ್ಟೆವೆಂದು ಹೇಳುವುದೂ ಇಲ್ಲ, ಅಂಥ ತಡ ಬೇರೆ. ಅದರ ಬಾಡಿಗೆಯನ್ನು ಪಕ್ಕದ ಮನೆಯವರು ಕಟ್ಟುತ್ತಾರೆ.

ನಮ್ಮ ಊರುಗಳಲ್ಲೂ ರಸ್ತೆ ಅಗಲೀಕರಣಕ್ಕೆಂದು ಗೋಡೆಗೆ ಕೆಂಪು ಗುರುತು ಬಿದ್ದ ಮನೆಗಳಿವೆ. ಬಣ್ಣ ಮಾಸುವಷ್ಟು ವರ್ಷವಾದರೂ ಆ ಮನೆಯವರು ಸುಣ್ಣ ಹೊಡೆಸಲು ಹಿಂದೆಮುಂದೆ ನೋಡುತ್ತಾರೆ. ಮುಂದಿನ ಸಲ ‘ನನೆಗುದಿಗೆ’ ಎಂದು ಟೈಪ್ ಮಾಡುವ ಮೊದಲು ಅಂಥ ಒಂದು ಮನೆಯ ಬಾಗಿಲು ತಟ್ಟಿ, ಗುರುತು ಹಾಕಿದ್ದು ಯಾವ ವರ್ಷ, ಅಲ್ಲಿಂದ ಇಲ್ಲಿಯವರೆಗೆ ಮನೆಗೆ ಏನೇನು ಮಾಡಿಸಲಾಗಲಿಲ್ಲ ಎಂದು ಕೇಳಿ ಬರೆದುಕೊಳ್ಳೋಣ. ಅಂದಾಜು ವೆಚ್ಚದ ಪಕ್ಕದಲ್ಲಿ ಆ ಲೆಕ್ಕವೂ ಅಚ್ಚಾಗಲಿ.