ನೀರಿನ ಸಂಘಕ್ಕೊಂದು ಚುನಾವಣೆ

ಸವದತ್ತಿ ಬಳಿಯ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಕಾಲುವೆಗಳಿಗೆ ಹರಿಯತೊಡಗಿದ್ದು 1970ರ ದಶಕದಲ್ಲಿ. ಅದನ್ನು ಯಾವಾಗ, ಎಷ್ಟು ಬಿಡಬೇಕೆಂದು ನಿರ್ಧರಿಸುತ್ತಿದ್ದವರು ಅಧಿಕಾರಿಗಳು. ರೈತನಿಗೆ ಅಲ್ಲಿ ಸ್ಥಾನವಿರಲಿಲ್ಲ. ನೀರು ಮುಟ್ಟದ ಹೊಲಕ್ಕೂ ಬೆಟರ್‌ಮೆಂಟ್ ಲೆವಿ ಕೇಳಿದಾಗ ಸಿಟ್ಟು ಸಿಡಿಯಿತು. 1980ರ ಜುಲೈ 21ರಂದು ಇದೇ ಅಚ್ಚುಕಟ್ಟಿನ ನರಗುಂದ, ನವಲಗುಂದಗಳಲ್ಲಿ ಗೋಲೀಬಾರಾಗಿ ರೈತರು ಪ್ರಾಣತೆತ್ತರು.

ಕಾನೂನಿನಲ್ಲಿ ಆ ಸ್ಥಾನ ದೊರೆಯಲು ಮತ್ತೆ 20 ವರ್ಷ ಬೇಕಾಯಿತು. 2000ದಲ್ಲಿ ಕರ್ನಾಟಕ ನೀರಾವರಿ ಕಾಯ್ದೆಗೆ ತಿದ್ದುಪಡಿಯಾಗಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಮಾನ್ಯತೆ ಬಂದಿತು. ನೀರಿನ ಹಂಚಿಕೆ, ಕರವಸೂಲಿ, ಹೊಲಗಾಲುವೆಗಳ ದುರಸ್ತಿ ಸಂಘದ ಕೆಲಸ. ನಡೆಸುವವರು ಸದಸ್ಯರೇ ಆರಿಸಿದ ನಿರ್ದೇಶಕರು.

ಪಂಚಾಯತಿ ಚುನಾವಣೆಯ ಗದ್ದಲ ಇದಕ್ಕಿಲ್ಲ. ನನ್ನ ಮಟ್ಟಿಗಂತೂ ಇದೇ ದೊಡ್ಡದು. ಕಾಲುವೆಯ ಮೇಲ್ಭಾಗದವನು ಕಬ್ಬು ಹಚ್ಚಿದರೆ, ಕೊನೆಯಂಚಿನವನು ಜೋಳಕ್ಕೆ ಒಂದು ನೀರೂ ಕಾಣದೆ ಮುಗಿಲು ನೋಡುತ್ತಾನೆ. ನೀರೇ ಬಾರದ ಮೇಲೆ ಷೇರು ಏತಕ್ಕೆಂದು ಆತ ಸದಸ್ಯನಾಗುವುದಿಲ್ಲ. ಸದಸ್ಯನಲ್ಲದವನಿಗೆ ಮತವಿಲ್ಲ, ಸ್ಪರ್ಧಿಸುವುದಂತೂ ದೂರ. (ತರಗತಿಯ ಹಿಂದಿನ ಬೆಂಚು ನನಗೆ ನೆನಪಾಗುತ್ತದೆ.) ಯಾವ ಚುನಾವಣೆಗೆ ನಿಲ್ಲಲಿ ಸರ್ ಎಂದು ಹಳೆಯ ವಿದ್ಯಾರ್ಥಿಗಳು ಕೇಳುವುದುಂಟು. ರಾಮದುರ್ಗ, ಸವದತ್ತಿ ಕಡೆಯ ಕೊನೆಯಂಚಿನ ಹೊಲದವರಾದರೆ, ಮೊದಲು ಷೇರು ಕಟ್ಟಿ ಇದಕ್ಕೆ ನಿಲ್ಲಿರಪ್ಪಾ ಎನ್ನುತ್ತೇನೆ.