ಓಡಿಸಿ ತೋರಿಸುವ ಉದಾಹರಣೆ

ಬೆಂಗಳೂರಿನ ಉದ್ಯಮಗಳ ಚರಿತ್ರೆಯನ್ನು ಎರಡು ಬೇರೆ ಕತೆಗಳಾಗಿ ಹೇಳುವುದು ರೂಢಿಯಾಗಿಬಿಟ್ಟಿದೆ. ಒಂದು, 1953ರಲ್ಲಿ ಜಾಲಹಳ್ಳಿಗೆ ಬಂದ ಯಂತ್ರೋಪಕರಣ ಕಾರ್ಖಾನೆ ಎಚ್‌ಎಂಟಿ, 1962ರಲ್ಲಿ ತುಮಕೂರು ರಸ್ತೆಗೆ ಬಂದ ಯಂತ್ರೋಪಕರಣ ಸಂಶೋಧನಾ ಸಂಸ್ಥೆ ಸಿಎಂಟಿಐ, ಎಪ್ಪತ್ತರ ದಶಕದಿಂದ ಇವುಗಳ ನೆರೆಯಲ್ಲೇ ಬೆಳೆದ ಪೀಣ್ಯದ ಸಣ್ಣ ಕಾರ್ಖಾನೆಗಳು. ಇನ್ನೊಂದು, ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು ಕನಸು ಕಂಡು ಕಟ್ಟಿದ ಎಲೆಕ್ಟ್ರಾನಿಕ್ಸ್ ಸಿಟಿ, ತೊಂಬತ್ತರ ದಶಕದಲ್ಲಿ ವೈಟ್‌ಫೀಲ್ಡ್‌ನಲ್ಲಿ ಎದ್ದ ಐಟಿ ಪಾರ್ಕ್ ಐಟಿಪಿಎಲ್. ಗ್ರೀಸು ಹತ್ತಿದ ಕೈಗೂ ಕೀಬೋರ್ಡಿನ ಕೈಗೂ ಸಂಬಂಧವಿಲ್ಲ ಎಂಬಂತೆ ಮಾತು ಸಾಗುತ್ತದೆ. ಆದರೆ ಒಂದು ವಿಷಯದಲ್ಲಿ ಎರಡೂ ಕತೆಗಳು ಒಂದೇ ಪ್ರಶ್ನೆಗೆ ಬಂದು ನಿಂತಿವೆ: ಕಾಗದದ ಮೇಲೆ ಬರೆದಿಟ್ಟ ಸೂಚನೆ ನಿಜವೆಂದು ನಂಬುವುದು ಯಾವಾಗ? ಈ ಪ್ರಶ್ನೆಗೆ ಪೀಣ್ಯ ಬಹಳ ಹಿಂದೆಯೇ ಉತ್ತರ ಕಂಡುಕೊಂಡಿತ್ತು. ಸಾಫ್ಟ್‌ವೇರ್ ಕೈಪಿಡಿಗಳು ಅಲ್ಲಿಗೆ ತಡವಾಗಿ ಬಂದವು, ಇನ್ನೂ ಪೂರ್ತಿ ತಲುಪಿಲ್ಲ.

ಮಷೀನ್ ಶಾಪಿನಲ್ಲಿ ಡ್ರಾಯಿಂಗ್ ಕೈಗೆ ಬಂತೆಂದು ಒಂದೇ ಸಲಕ್ಕೆ ಐನೂರು ಪೀಸು ಹೊಡೆಯುವುದಿಲ್ಲ. ಸೆಟ್ಟಿಂಗ್ ಮುಗಿಸಿ ಮೊದಲು ಒಂದೇ ಪೀಸು ತೆಗೆಯುತ್ತಾರೆ. ಇನ್‌ಸ್ಪೆಕ್ಟರ್ ಅದರ ವ್ಯಾಸವನ್ನು ಮೈಕ್ರೋಮೀಟರಿನಲ್ಲಿ, ಉದ್ದವನ್ನು ವರ್ನಿಯರಿನಲ್ಲಿ, ತೂತನ್ನು ಪ್ಲಗ್ ಗೇಜಿನಲ್ಲಿ ನೋಡಿ ರಿಪೋರ್ಟಿಗೆ ಸಹಿ ಹಾಕಿದ ಮೇಲೆ ಉಳಿದ ಜಾಬ್ ಓಡುತ್ತದೆ. ಪಾಸಾದ ಪೀಸಿಗೆ ಟ್ಯಾಗ್ ಕಟ್ಟಿ ಮಷೀನ್ ಪಕ್ಕದಲ್ಲಿ ಇಡುವುದೂ ಉಂಟು. ಮುಂದಿನ ಪಾಳಿಯವರು ಡ್ರಾಯಿಂಗ್ ಜೊತೆ ಅದನ್ನೂ ಕೈಯಲ್ಲಿ ಹಿಡಿದು ನೋಡುತ್ತಾರೆ. ಡ್ರಾಯಿಂಗಿನಲ್ಲಿ ಒಂದು ಗೆರೆಯೂ ಬದಲಾಗದಿದ್ದರೂ ಟೂಲ್ ಬದಲಾದರೆ, ಪಾಳಿ ಬದಲಾದರೆ, ಮಷೀನ್ ರಿಪೇರಿಯಾದರೆ ಮತ್ತೆ ಮೊದಲ ಪೀಸು ತೆಗೆಯಲೇಬೇಕು. ಎಚ್‌ಎಂಟಿಯ 'ಪ್ರೊಡಕ್ಷನ್ ಟೆಕ್ನಾಲಜಿ' (1980), ಸಿಎಂಟಿಐನ 'ಮಷೀನ್ ಟೂಲ್ ಡಿಸೈನ್ ಹ್ಯಾಂಡ್‌ಬುಕ್' (1982) ಇಂಥ ಕೈಗಳು ಬರೆದ ಪುಸ್ತಕಗಳು.

ಸಾಫ್ಟ್‌ವೇರ್ ಕೈಪಿಡಿಯ ಬರವಣಿಗೆ ಬೇರೆ ದಾರಿಯಲ್ಲಿ ಬೆಳೆಯಿತು. ಪ್ರೋಗ್ರಾಮರ್ ಕೊಟ್ಟ ಕೋಡನ್ನು ಬರೆಯುವವರು ಕಡತಕ್ಕೆ ಅಂಟಿಸುತ್ತಿದ್ದರು, ಪಕ್ಕದಲ್ಲಿ ಒಂದು ಸ್ಕ್ರೀನ್‌ಶಾಟ್. ಅಂಟಿಸಿದ ಕ್ಷಣಕ್ಕೇ ಆ ಉದಾಹರಣೆಗೂ ಸಾಫ್ಟ್‌ವೇರಿಗೂ ನಂಟು ಕಡಿಯುತ್ತಿತ್ತು. ಮುಂದಿನ ಆವೃತ್ತಿಯಲ್ಲಿ ಫಂಕ್ಷನ್ನಿನ ಹೆಸರು ಬದಲಾದರೂ ಪುಟ ಹಾಗೇ ಉಳಿಯುತ್ತಿತ್ತು, ಹೊಸಬರು ಅದನ್ನೇ ನಂಬಿ ಕೆಡುತ್ತಿದ್ದರು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಳಗ ಇದಕ್ಕೆ ಹಂತಹಂತವಾಗಿ ಮದ್ದು ಹುಡುಕಿತು. 2001ರಲ್ಲಿ ಬಂದ ಪೈಥಾನ್ 2.1ರಲ್ಲಿ ಡಾಕ್‌ಟೆಸ್ಟ್ ಎಂಬ ಸಾಧನ ಸೇರಿತು. ವಿವರಣೆಯೊಳಗಿನ ಉದಾಹರಣೆಯನ್ನು ಓಡಿಸಿ ಉತ್ತರ ತಾಳೆಯಾಗುತ್ತದೆಯೇ ಎಂದು ಅದು ನೋಡುತ್ತದೆ. 2008ರಲ್ಲಿ ಗಿಯೋರ್ಗ್ ಬ್ರಾಂಡ್ಲ್ ಅವರ ಸ್ಫಿಂಕ್ಸ್ ಬಂತು; ಕೈಪಿಡಿಯ ಪುಟಗಳನ್ನು ಕಟ್ಟಿಕೊಡುವ ಸಾಧನ ಅದು. ಪೈಥಾನಿನ ಮಷೀನ್ ಲರ್ನಿಂಗ್ ಲೈಬ್ರರಿ ಸೈಕಿಟ್-ಲರ್ನ್ ತಂಡ ತನ್ನ ಉದಾಹರಣೆಗಳನ್ನು ಓಡಿಸಿ, ಬಂದ ಚಿತ್ರಗಳನ್ನು ಪುಟವಾಗಿ ಜೋಡಿಸಲು ಬರೆದುಕೊಂಡಿದ್ದ ಸ್ಕ್ರಿಪ್ಟನ್ನು ಆಸ್ಕರ್ ನಾಹೆರಾ ಪ್ರತ್ಯೇಕ ಎಕ್ಸ್‌ಟೆನ್ಷನ್ ಮಾಡಿದರು. ಅದೇ ಸ್ಫಿಂಕ್ಸ್-ಗ್ಯಾಲರಿ. ಗ್ರಾಫ್ ಬರೆಯುವ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್ ಕೂಡ 2017ರಲ್ಲಿ ಅದಕ್ಕೆ ಬದಲಾಯಿತು.

ಸ್ಫಿಂಕ್ಸ್-ಗ್ಯಾಲರಿಯನ್ನು ಅಳವಡಿಸುವ ಕೆಲಸ ಚಿಕ್ಕದು. ಸ್ಫಿಂಕ್ಸ್‌ನ ಸೆಟ್ಟಿಂಗ್ ಕಡತದ ಎಕ್ಸ್‌ಟೆನ್ಷನ್ ಪಟ್ಟಿಗೆ ಅದರ ಹೆಸರು ಸೇರಿಸಿ, ಉದಾಹರಣೆಗಳು ಎಲ್ಲಿವೆ, ತಯಾರಾದ ಪುಟಗಳು ಎಲ್ಲಿಗೆ ಹೋಗಬೇಕು ಎಂದು ಎರಡು ಫೋಲ್ಡರ್ ತೋರಿಸಿದರೆ ಸಾಕು. ಕಡತದ ಹೆಸರು 'ಪ್ಲಾಟ್' ಎಂದು ಶುರುವಾದರೆ ಅದು ಓಡುತ್ತದೆ, ಇಲ್ಲದಿದ್ದರೆ ಬರೀ ಓದಲು ಸಿಗುತ್ತದೆ. ಕೋಡಿನ ನಡುವಿನ ಟಿಪ್ಪಣಿಗಳು ವಿವರಣೆಯಾಗುತ್ತವೆ, ಬಂದ ಗ್ರಾಫು ಅಲ್ಲೇ ಕೂರುತ್ತದೆ. ಉದಾಹರಣೆ ಕೆಟ್ಟರೆ ಅದರ ಪುಟ್ಟ ಚಿತ್ರದ ಜಾಗದಲ್ಲಿ ಕೆಟ್ಟಿದೆಯೆಂಬ ಗುರುತು ಬಂದು, ಬಿಲ್ಡ್ (ಪುಟಗಳನ್ನು ಕಟ್ಟುವ ಕೆಲಸ) ಕೊನೆಗೆ ತಪ್ಪು ವರದಿ ಮಾಡುತ್ತದೆ. ಸುಳ್ಳು ಮುಚ್ಚಿಡಲು ಜಾಗವೇ ಕಡಿಮೆ. ನನ್ನ ದೃಷ್ಟಿಯಲ್ಲಿ ಇದು ಮೊದಲ ಪೀಸಿನ ಶಿಸ್ತೇ. ಪೀಣ್ಯದಿಂದ ಇದು ಸೈಕಿಟ್-ಲರ್ನ್ ತಂಡಕ್ಕೆ ಹೋಯಿತು ಎನ್ನುತ್ತಿಲ್ಲ. ಅಗತ್ಯ ಒಂದೇ ಆದಾಗ ರೂಢಿಯೂ ಒಂದೇ ಆಗುತ್ತದೆ.

ಸಿದ್ಧ ಉದಾಹರಣೆ ಇಟ್ಟರೆ ಜನ ನಕಲು ಮಾಡುತ್ತಾರೆ, ಕಲಿಯುವುದಿಲ್ಲ ಎಂಬ ಆಕ್ಷೇಪವಿದೆ. ನಕಲಿನಿಂದ ಶುರುವಾಗುವ ಕಲಿಕೆಯನ್ನು ಕೀಳೆನ್ನಲು ನನಗೆ ಕಾರಣ ಕಾಣುತ್ತಿಲ್ಲ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬಂದ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಕಲಿತವರೂ ಕೊಟ್ಟ ಡ್ರಾಯಿಂಗಿಗೆ ಸರಿಯಾಗಿ ಪೀಸು ಮಾಡಿಯೇ ಕೈ ಪಳಗಿಸಿಕೊಂಡವರು. ಜೊತೆಗೆ ಗ್ಯಾಲರಿಯಲ್ಲಿ ಕೋಡಿನ ಫಂಕ್ಷನ್ ಹೆಸರಿನಿಂದ ಅದರ ವಿವರಣೆಗೆ, ವಿವರಣೆಯಿಂದ ಅದನ್ನು ಬಳಸಿದ ಉದಾಹರಣೆಗಳಿಗೆ ಕೊಂಡಿ ಹಾಕಬಹುದು. ನಕಲು ಮಾಡಿದವರಿಗೂ ಒಳಗೆ ಇಳಿಯಲು ಮೆಟ್ಟಿಲು ಇರುತ್ತದೆ.

ಇನ್ನೆರಡು ಆಕ್ಷೇಪಗಳು ಇದಕ್ಕಿಂತ ಗಟ್ಟಿ. ಎಲ್ಲವನ್ನೂ ಪ್ರತಿಸಲ ಓಡಿಸಿದರೆ ಬಿಲ್ಡ್‌ಗೆ ಬಹಳ ಹೊತ್ತು ಹಿಡಿಯುತ್ತದೆ. ಅದಕ್ಕೇ ಸ್ಫಿಂಕ್ಸ್-ಗ್ಯಾಲರಿ ಪ್ರತಿ ಕಡತದ ಅಕ್ಷರಗಳಿಂದ ಲೆಕ್ಕ ಹಾಕಿದ ಎಂಡಿ5 ಗುರುತು ಇಟ್ಟುಕೊಂಡು, ಬದಲಾದ ಉದಾಹರಣೆಯನ್ನಷ್ಟೇ ಮತ್ತೆ ಓಡಿಸುತ್ತದೆ. ಪೀಣ್ಯದವರು ಒಪ್ಪಲಾರದ್ದು ಇದನ್ನೇ. ಉದಾಹರಣೆಯ ಅಕ್ಷರ ಬದಲಾಗದೆ ಅದರ ಕೆಳಗಿನ ಲೈಬ್ರರಿ ಬದಲಾಗಿದ್ದರೆ ಅದು ಡ್ರಾಯಿಂಗ್ ಹಾಗೇ ಇದ್ದು ಟೂಲ್ ಸವೆದಂತೆ. ಹಾಗಾಗಿ ದಿನದ ಕೆಲಸಕ್ಕೆ ಈ ಉಳಿತಾಯ ಸರಿ, ಬಿಡುಗಡೆಗೆ ಮುಂಚೆ ಹಳೆಯದನ್ನೆಲ್ಲ ಅಳಿಸಿ ಪೂರ್ತಿ ಬಿಲ್ಡ್ ಮಾಡಲೇಬೇಕು. ಎರಡನೆಯದು ಇನ್ನೂ ಆಳದ್ದು: ಓಡಿತು ಎಂದ ಮಾತ್ರಕ್ಕೆ ಸರಿ ಎಂದಾಯಿತೇ? ಆಗಲಿಲ್ಲ. ತಪ್ಪು ಗ್ರಾಫ್ ಕೂಡ ದೋಷವಿಲ್ಲದೆ ಮೂಡುತ್ತದೆ. ಗ್ಯಾಲರಿಯ ಕೈಯಲ್ಲಿ ಗೇಜ್ ಇಲ್ಲ. ಆ ಗೇಜನ್ನು ನಾವೇ ಕೊಡಬೇಕು: ಉತ್ತರ ಇಷ್ಟರೊಳಗೆ ಇರಬೇಕೆಂದು ಹೇಳುವ ಅಸರ್ಟ್ ಸಾಲು ಉದಾಹರಣೆಯಲ್ಲೇ ಇರಲಿ, ಬಿಡುಗಡೆಗೆ ಮುಂಚೆ ಬರೆದವರಲ್ಲದ ಇನ್ನೊಬ್ಬರು ಹಿಂದಿನ ಆವೃತ್ತಿಯ ಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡಿ, ತಮ್ಮ ಹೆಸರಿನಲ್ಲಿ ಪಾಸ್ ಮಾಡಲಿ.