ತಾಲೀಮಿನ ಗಿಲಾಸ

ಬೀದರಿನ ಹಳೇ ಶಹರದಲ್ಲಿ ಯಾರ ಮನೆಯ ಗುರುತು ಕೇಳಿದರೂ ಎರಡನೆಯ ಮಾತಿಗೇ ಒಂದು ತಾಲೀಮಿನ ಹೆಸರು ಬರುತ್ತದೆ. ಸಿದ್ದೀಕ್ ಶಾಹ್ ತಾಲೀಮು, ನೂರ್ ಖಾನ್ ತಾಲೀಮು, ಮನಿಯಾರ್ ತಾಲೀಮು, ಪನ್ಸಾಲ್ ತಾಲೀಮು. ಈಗ ಇವು ಓಣಿಗಳ ಹೆಸರು, ಆಟೋದವನಿಗೆ ಹೇಳಿದರೆ ಸೀದಾ ತಂದು ಬಿಡುತ್ತಾನೆ. ಹಿಂದೆ ಇವು ಮೈ ಹುರಿಗೊಳಿಸುವ ಮನೆಗಳಾಗಿದ್ದವು, ಮೈಸೂರಿನ ಕಡೆ ಗರಡಿ ಎನ್ನುತ್ತಾರಲ್ಲ, ಅಂಥವು. ಊರ ನಡುವೆ ಸುಮಾರು 71 ಅಡಿ ಎತ್ತರದ ಚೌಬಾರಾ, ಅದರ ಬುಡದಿಂದ ನಾಲ್ಕು ದಿಕ್ಕಿಗೆ ಬೀದಿ, ಒಂದೊಂದು ಭಾಗಕ್ಕೆ ಒಂದೊಂದು ತಾಲೀಮು. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಗುಲಾಮ್ ಯಜ್ದಾನಿಯವರು 1947ರಲ್ಲಿ ಪ್ರಕಟವಾದ ತಮ್ಮ ಬೀದರ್ ಪುಸ್ತಕದಲ್ಲಿ ಕೋಟೆ, ಮದರಸಾ, ಗೋರಿಗಳ ಜೊತೆಗೆ ಈ ತಾಲೀಮುಗಳಿಗೂ ಜಾಗ ಕೊಟ್ಟಿದ್ದಾರೆ. ಅಷ್ಟು ದೊಡ್ಡ ವಿದ್ವಾಂಸರು ಸುಲ್ತಾನರ ಕಮಾನು ಗುಮ್ಮಟಗಳ ನಡುವೆ ಮಣ್ಣಿನ ಅಖಾಡವನ್ನೂ ಮರೆಯಲಿಲ್ಲ ಎಂಬುದು ನನಗೆ ಬಹಳ ಸಮಾಧಾನ ಕೊಡುತ್ತದೆ.

ಆದರೆ ತಾಲೀಮಿನಲ್ಲಿ ಬೆವರಿಳಿಸಿ ಬಂದವನು ಏನು ಕುಡಿಯುತ್ತಿದ್ದ, ಅದನ್ನು ಯಾರು ಅರೆದು ಕೊಡುತ್ತಿದ್ದರು? ಈ ಚರಿತ್ರೆಯನ್ನು ಅಡಿಗೆಮನೆಯಿಂದಲೇ ಶುರು ಮಾಡಬೇಕು. ನಾನು ಭಾಲ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ತವರು ಔರಾದ ತಾಲ್ಲೂಕಿನ ಮಾಂಜರಾ ದಂಡೆಯ ಹಳ್ಳಿ. ಮುತ್ಯಾ ತಮ್ಮ ಕಾಲಕ್ಕೆ ಪೈಲ್ವಾನರು, ಕಾಕಾನೂ ಪೈಲ್ವಾನ. ಅವರ ಗಿಲಾಸಿಗೆ ಬೀಳುತ್ತಿದ್ದ ಒಂದೊಂದು ಕಾಳೂ ನಮ್ಮ ಆಯಿಯ, ಅಂದರೆ ಅಜ್ಜಿಯ, ಕೈಯಿಂದಲೇ ಬೀಳುತ್ತಿತ್ತು.

ಪೈಲ್ವಾನನಿಗೆ ಹೀಗೆ ಸತ್ವದ ಆಹಾರ ಕೊಡುವ ಪದ್ಧತಿ ಬೀದರನ್ನು ಆಳಿದ ಬಹಮನಿ ಸುಲ್ತಾನರಿಗಿಂತ ಹಳೆಯದು. ನಮ್ಮ ಜಿಲ್ಲೆಯ ಕಲ್ಯಾಣದಲ್ಲಿ ಕೂತು ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ಮಾನಸೋಲ್ಲಾಸವನ್ನು ರಚಿಸಿದ. ಅದರೊಳಗಿನ ಮಲ್ಲವಿನೋದ ಎಂಬ ಭಾಗ ಪೂರ್ತಿ ಜಟ್ಟಿಗಳದು. ವಯಸ್ಸು, ಮೈಕಟ್ಟು, ಬಲ ನೋಡಿ ಅವರನ್ನು ವಿಂಗಡಿಸುವುದು ಹೇಗೆ, ಯಾವ ವ್ಯಾಯಾಮ ಮಾಡಿಸಬೇಕು, ಏನು ತಿನ್ನಿಸಬೇಕು ಎಂಬುದೆಲ್ಲ ಅಲ್ಲಿದೆ. ಬೇಳೆಕಾಳು, ಮಾಂಸ, ಹಾಲು, ಸಕ್ಕರೆ ಮತ್ತು ಒಳ್ಳೆಯ ಸಿಹಿತಿಂಡಿ, ಇವನ್ನು ಒದಗಿಸುವುದು ಅರಸನ ಹೊಣೆ. ಕಾಳಿನ ಸತ್ವ, ಹಾಲಿನ ಸತ್ವ, ಅದರ ಮೇಲೆ ನಾಲಿಗೆಗೆ ಸಿಹಿ. ಇಂದು ಜಿಮ್ಮಿನ ಪಕ್ಕದ ಅಂಗಡಿಯಲ್ಲಿ ಚಾಕೊಲೇಟು, ಕುಲ್ಫಿ, ರಸಮಲಾಯಿ ರುಚಿಯ ಪ್ರೋಟೀನ್ ಡಬ್ಬಿಗಳಲ್ಲಿ ಮಾರುವುದೂ ಈ ಲೆಕ್ಕಾಚಾರವನ್ನೇ. ಬಸವಕಲ್ಯಾಣದಲ್ಲಿ ಆ ಅರಸನ ಕಾಲದ ಅರಮನೆ ಉಳಿದಿಲ್ಲ, ಅವನು ಬರೆಸಿಟ್ಟ ಊಟದ ಕ್ರಮ ಉಳಿದಿದೆ.

15ನೇ ಶತಮಾನದ ಮೊದಲ ಭಾಗದಲ್ಲಿ ಅಹ್ಮದ್ ಶಾಹ್ ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಅವನ ದರ್ಬಾರಿಗೆ ಇರಾನಿನಿಂದ ಬಂದವರು ಬಹಳ ಜನ. ಮುಂದೆ ಮಹಮೂದ್ ಗವಾನ್ ಕೂಡ ಇರಾನಿನಿಂದಲೇ ಬಂದು 1472ರಲ್ಲಿ ಮದರಸಾ ಕಟ್ಟಿಸಿದ. ಇರಾನಿನ ಗರಡಿಮನೆಯಾದ ಜೂರ್ಖಾನಾದಲ್ಲಿ ತಿರುಗಿಸುವ ಮರದ ಗದೆಗೂ ನಮ್ಮ ತಾಲೀಮಿನ ಮುಗ್ದರಿಗೂ ನೋಟಕ್ಕೆ ಹೆಚ್ಚು ಅಂತರವಿಲ್ಲ. ಎರಡು ಕಡೆಯ ಪೈಲ್ವಾನರು ಒಂದೇ ಅಖಾಡದ ಮಣ್ಣು ಮೆತ್ತಿಕೊಂಡರು, ಹಾಗಾಗಿ ಹಾಲಿನೊಳಗೆ ಉತ್ತತ್ತಿಯೂ ಬಾದಾಮಿಯೂ ನಮ್ಮ ಪುಠಾಣಿಯ ಜೊತೆಗೂಡಿದವು ಎಂದೇ ನಾನು ನಂಬಿದ್ದೇನೆ. ರಂಜಾನ್ ಹಬ್ಬಕ್ಕೆ ಬೀದರಿನ ಮನೆಮನೆಯಲ್ಲಿ ಕುದಿಯುವ ಶೀರ್ ಖುರ್ಮಾದಲ್ಲಿ ಹಾಲು, ಉತ್ತತ್ತಿ, ಬಾದಾಮಿ ಇವೆ. ಪಂಚಮಿಗೆ ನಮ್ಮ ಹಳ್ಳಿಗಳಲ್ಲಿ ಜೋಳದ ಅಳ್ಳು ಹುರಿದು ಬೀಸಿ, ಆ ಅಳ್ಳಿಟ್ಟಿಗೆ ಹಾಲು ಬೆಲ್ಲ ಕಲಸುತ್ತಾರೆ. ಪೈಲ್ವಾನನ ಗಿಲಾಸದಲ್ಲಿ ಈ ಎರಡೂ ಹಬ್ಬಗಳಿದ್ದವು.

ನಮ್ಮ ಮನೆಯ ಕ್ರಮ ಹೀಗಿತ್ತು. ರಾತ್ರಿ ಮಲಗುವ ಮುಂಚೆ ಆಯಿ ಕಂಚಿನ ಬಟ್ಟಲಿನಲ್ಲಿ ಕಡಲೆ ನೆನೆ ಹಾಕುತ್ತಿದ್ದಳು. ಇನ್ನೊಂದರಲ್ಲಿ ಬೀಜ ತೆಗೆದ ಉತ್ತತ್ತಿ, ಸ್ವಲ್ಪ ಖಸಖಸಿ. ಬಾದಾಮಿ ನಮ್ಮಂಥವರ ಮನೆಗೆ ದೂರದ ಮಾತು. ಜಾತ್ರೆಯ ಕುಸ್ತಿ ಹತ್ತಿರ ಬಂದಾಗ ಮಾತ್ರ ಬೀದರಿನಿಂದ ಒಂದು ಪೊಟ್ಟಣ ಬರುತ್ತಿತ್ತು, ಉಳಿದ ದಿನ ಆ ಜಾಗಕ್ಕೆ ಶೇಂಗಾ. ಬೆಳಗಿನ ಜಾವ ಕಾಕಾ ಎದ್ದು ಜೋರ್, ದಂಡ, ಬೈಠಕ್ ಮುಗಿಸುವ ಹೊತ್ತಿಗೆ ಆಯಿ ಪುಠಾಣಿಯನ್ನು ಸಿಪ್ಪೆಸಮೇತ ಬೀಸಿ, ಹುರಿದ ಶೇಂಗಾವನ್ನು ಕಲಬತ್ತಿನಲ್ಲಿ ಎಣ್ಣೆ ಬಿಡುವ ತನಕ ಕುಟ್ಟಿ, ನೆನೆದ ಉತ್ತತ್ತಿ ಖಸಖಸಿಯನ್ನು ನುಣ್ಣಗೆ ಅರೆದು ಇಟ್ಟಿರುತ್ತಿದ್ದಳು. ಆಗಷ್ಟೇ ಕರೆದು ಕಾಸಿ ಆರಿಸಿದ ಹಾಲಿಗೆ ಮೊದಲು ಬೆಲ್ಲ, ಆಮೇಲೆ ಹಿಟ್ಟು, ಕೊನೆಗೆ ಏಲಕ್ಕಿ ಮತ್ತು ಒಣಶುಂಠಿ. ಶುಂಠಿ ನಮ್ಮ ಜಿಲ್ಲೆಯ ಬೆಳೆ, ಅದಿಲ್ಲದೆ ಅಷ್ಟು ಭಾರದ ಪೇಯ ಹೊಟ್ಟೆಗೆ ಕೂಡುವುದಿಲ್ಲ ಎಂದು ಅವಳ ವಾದ. ಕಡಗೋಲಿನಿಂದ ಕಡೆದರೆ ಮೇಲೆ ನೊರೆ ನಿಲ್ಲುತ್ತಿತ್ತು. ನೆನೆದ ಕಡಲೆಯನ್ನು ಬೇರೆಯಾಗಿ ಬೆಲ್ಲದ ಚೂರಿನೊಡನೆ ಅಗಿಯುವುದು. ಕಾಕಾ ಕೊಲ್ಹಾಪುರದ ಕಡೆ ಹೋಗಿ ಕೆಲವು ತಿಂಗಳು ಅಖಾಡದಲ್ಲಿದ್ದು ಬಂದ ಮೇಲೆ ಇದಕ್ಕೆ ಥಂಡಾಯಿ ಎನ್ನತೊಡಗಿದ. ಶಾಹೂ ಮಹಾರಾಜರು ಕುಸ್ತಿಗೆ ಆಸರೆ ಕೊಟ್ಟ ಊರು ಅದು, 1912ರಲ್ಲಿ ಅಲ್ಲಿ ಖಾಸಬಾಗ್ ಮೈದಾನ ಕಟ್ಟಿಸಿದ್ದರು, ನಮ್ಮ ಭಾಗದ ಪೈಲ್ವಾನರಿಗೆ ಅದೇ ಕಾಶಿ. ಆಯಿ ಮಾತ್ರ ಕೊನೆಯವರೆಗೂ ಅದನ್ನು ತಾಲೀಮಿನ ಹಾಲು ಎಂದೇ ಕರೆದಳು.

ಆ ಹಾಲು ದೇವಣಿ ಹಸುವಿನದು. ಔರಾದ, ಭಾಲ್ಕಿ, ಗಡಿಯಾಚೆಯ ಉದಗೀರ, ದೇವಣಿ, ಇಷ್ಟು ಸೀಮೆಯ ಕಪ್ಪು ಮಣ್ಣಿನಲ್ಲಿ ಬೆಳೆದ ತಳಿ. ಎತ್ತು ನೇಗಿಲಿಗೆ, ಹಸು ಹಾಲಿಗೆ, ಎರಡಕ್ಕೂ ಆಗುವಂಥದ್ದು. ಬಿಳಿ ಮೈ, ಮುಖದ ಬದಿ ಕಪ್ಪಾಗಿದ್ದರೆ ವಾನೇರಾ, ಪೂರ್ತಿ ಬಿಳಿಯಾದರೆ ಬಾಳಂಕ್ಯಾ, ಮೈಮೇಲೆ ಕಪ್ಪು ಮಚ್ಚೆ ಚೆಲ್ಲಿದ್ದರೆ ಶೇವೇರಾ. ನಮ್ಮಲ್ಲಿದ್ದದ್ದು ವಾನೇರಾ. ಔರಾದಿನ ಅಮರೇಶ್ವರ ಜಾತ್ರೆಯಲ್ಲಿ ದೇವಣಿ ದನಗಳೂ ಕುಸ್ತಿಯೂ ಒಂದೇ ಕಣದಲ್ಲಿ ಕಾಣುತ್ತವೆ. ಒಂದು ಕಡೆ ರೈತರು ಹೋರಿಯ ಹಲ್ಲು ಹಿಡಿದು ನೋಡುತ್ತಿರುತ್ತಾರೆ, ಇನ್ನೊಂದು ಕಡೆ ಮಹಾರಾಷ್ಟ್ರ, ತೆಲಂಗಾಣದಿಂದಲೂ ಬಂದ ಪೈಲ್ವಾನರು ಲಂಗೋಟ ಬಿಗಿಯುತ್ತಿರುತ್ತಾರೆ. ಹುಡುಗರ ಕುಸ್ತಿ ತೆಂಗಿನಕಾಯಿಗೆ, ಕೊನೆಯ ಕುಸ್ತಿ ಬೆಳ್ಳಿ ಕಡಗಕ್ಕೆ. ಒಳ್ಳೆಯ ಹಸು ಇಲ್ಲದ ಮನೆಯಲ್ಲಿ ಪೈಲ್ವಾನ ಹುಟ್ಟುವುದಿಲ್ಲ ಎಂದು ಮುತ್ಯಾ ಹೇಳುತ್ತಿದ್ದರು. ಅದು ಬಡಾಯಿಯಲ್ಲ, ಲೆಕ್ಕ. ದಿನಕ್ಕೆ ಮೂರ್ನಾಲ್ಕು ಲೀಟರ್ ಕೊಡುವ ಹಸುವಿನ ಹಾಲಿನಲ್ಲಿ ದೊಡ್ಡ ಪಾಲು ಒಬ್ಬನಿಗೇ ಹೋಗುತ್ತಿತ್ತು.

ಆ ಉಳಿದ ಪಾಲಿನ ಕತೆ ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ. ಬೀಸಿದವಳು ಆಯಿ, ಹಿಂಡಿದವಳು ಅವ್ವ, ನೀರು ಸೇದಿದವರು ನಾವು ಹುಡುಗಿಯರು. ಕುಡಿದವನು ಕಾಕಾ. ನಾನು ಕಲಬತ್ತಿನ ತಳ ಬಳಿದು ನೆಕ್ಕುತ್ತಿದ್ದೆ. ಒಮ್ಮೆ ನನಗೂ ಒಂದು ಗಿಲಾಸ ಬೇಕೆಂದು ಹಟ ಹಿಡಿದಾಗ ಆಯಿ, “ಅದು ಪೈಲ್ವಾನನ ಪಾಲದವ್ವ, ನಿಂಗ್ಯಾಕ ಬೇಕು? ನೀ ಏನ ಕುಸ್ತಿ ಹಿಡಿಲಾಕ ಹೋಗ್ತಿ?” ಎಂದಳು. ಅವಳಿಗೆ ನನ್ನ ಮೇಲೆ ಪ್ರೀತಿ ಕಡಿಮೆ ಇರಲಿಲ್ಲ. ಅವಳಿಗೂ ಯಾರೂ ಕೊಟ್ಟಿರಲಿಲ್ಲ, ಅಷ್ಟೆ. ನಮ್ಮ ಕಡೆ ಹೆಣ್ಣಿಗೆ ಅಂಥ ಸತ್ವದ ಆಹಾರ ಸಿಗುತ್ತಿದ್ದದ್ದು ಬಾಣಂತನದಲ್ಲಿ. ಅಂಟು, ಉತ್ತತ್ತಿ, ಕೊಬ್ಬರಿ, ತುಪ್ಪ ಹಾಕಿದ ಅಂಟಿನುಂಡಿ ಆಗ ಬರುತ್ತಿತ್ತು, ಅದೂ ಮಗುವಿಗೆ ಹಾಲು ಇಳಿಯಲಿ ಎಂದು. ಸೋಮೇಶ್ವರನ ಕಾಲದಿಂದ ಮುತ್ಯಾರ ಕಾಲದವರೆಗೆ ಎಷ್ಟೋ ರಾಜ್ಯಗಳು ಬಂದು ಹೋದವು, ಗಿಲಾಸ ಯಾರ ಕೈಗೆ ಹೋಗಬೇಕು ಎಂಬುದು ಮಾತ್ರ ಬದಲಾಗಲಿಲ್ಲ.

ತಾಲೀಮು ಕ್ಷೀಣಿಸಿದ್ದು ಒಂದೇ ದಿನದಲ್ಲಲ್ಲ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, ಮರುವರ್ಷ ಜಹಗೀರುಗಳು ರದ್ದಾದವು. ಜನರಿಗೆ ಅದು ಬಿಡುಗಡೆ, ಅದರಲ್ಲಿ ಎರಡು ಮಾತಿಲ್ಲ. ಪೈಲ್ವಾನನ ಹಾಲು ತುಪ್ಪಕ್ಕೆ ದುಡ್ಡು ಕೊಡುತ್ತಿದ್ದ ದೊಡ್ಡ ಮನೆಗಳು ಅದರ ಜೊತೆಗೆ ಕೈ ಹಿಂದೆಗೆದವು. 1956ರಲ್ಲಿ ಉದಗೀರ, ನಿಲಂಗಾ ಒಂದು ಕಡೆ, ಜಹೀರಾಬಾದ, ನಾರಾಯಣಖೇಡ ಇನ್ನೊಂದು ಕಡೆ ಹೋಗಿ ಹಳೇ ಬೀದರ್ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಕುಸ್ತಿಗೆ ಗಡಿ ಅಡ್ಡ ಬರಲಿಲ್ಲ, ಬರ ಅಡ್ಡ ಬಂತು. 1972ರ ಬರಗಾಲ ಕಂಡವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಮೇವಿಲ್ಲದೆ ನಮ್ಮ ವಾನೇರಾ ಹಸುವನ್ನು ಮಾರಿದರು. ಕಾಕಾ ಅಖಾಡ ಬಿಟ್ಟು ಕೂಲಿ ಕೆಲಸಕ್ಕೆ ಕಲ್ಲು ಒಡೆಯಲು ಹೋದ. ಆ ಮೇಲೆ ಮನೆಯಲ್ಲಿ ಉತ್ತತ್ತಿ ನೆನೆ ಹಾಕಿದ್ದು ನನಗೆ ನೆನಪಿಲ್ಲ.

ಅದೇ ದಶಕಗಳಲ್ಲಿ ಮೈಸೂರಿನಲ್ಲಿ ವಿಜ್ಞಾನಿಗಳು ಆಯಿಯ ಕಲಬತ್ತಿನ ಕೆಲಸವನ್ನೇ ಬೇರೆ ರೀತಿಯಲ್ಲಿ ಮಾಡುತ್ತಿದ್ದರು. 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ನಾವೆಲ್ಲ ಸಿಎಫ್‌ಟಿಆರ್‌ಐ ಎನ್ನುವುದು, ಅಪೌಷ್ಟಿಕ ಮಕ್ಕಳಿಗಾಗಿ ಒಂದು ಬಹೂಪಯೋಗಿ ಆಹಾರದ ಪುಡಿ ತಯಾರಿಸಿತು. ಎಣ್ಣೆ ತೆಗೆದ ಶೇಂಗಾ ಹಿಟ್ಟು 75 ಪಾಲು, ಕಡಲೆ ಹಿಟ್ಟು 25 ಪಾಲು, ಮೇಲೆ ವಿಟಮಿನ್ನು, ಸುಣ್ಣದ ಸತ್ವ. ಮುಂದೆ ಶೇಂಗಾದ ಪ್ರೋಟೀನನ್ನು ಹಾಲಿಗೆ ಬೆರೆಸಿ ಮಿಲ್ಟೋನ್ ಎಂಬ ಪೇಯವನ್ನೂ ರೂಪಿಸಿದರು. ತರಗತಿಯಲ್ಲಿ ಪ್ರೋಟೀನ್ ಪಾಠ ಮಾಡುವಾಗ ನಾನು ಇದನ್ನು ಹೇಳದೆ ಬಿಡುತ್ತಿರಲಿಲ್ಲ. ಈಗ ಅಂಗಡಿಯಲ್ಲಿ ಸಿಗುವ ವೇ ಪ್ರೋಟೀನಿನ ಮೂಲ ಬೇರೆ. ಪಶ್ಚಿಮದ ದೇಶಗಳಲ್ಲಿ ಚೀಸ್ ಮಾಡಲು ಹಾಲು ಒಡೆಸಿದಾಗ ಉಳಿಯುವ ತಿಳಿನೀರನ್ನು ಬಹುಕಾಲ ಹಂದಿಗೆ ಸುರಿಯುತ್ತಿದ್ದರು ಇಲ್ಲವೇ ಚೆಲ್ಲುತ್ತಿದ್ದರು. ಅದನ್ನು ಸೋಸಿ ಸತ್ವ ಹಿಡಿಯುವ ತಂತ್ರ 1970ರ ದಶಕದಲ್ಲಿ ಬಂದ ಮೇಲೆ ಅದು ಡಬ್ಬಿ ಸೇರಿತು. ಅದರಲ್ಲಿ ದೋಷವಿಲ್ಲ, ಒಳ್ಳೆಯ ಪ್ರೋಟೀನೇ. ಆದರೆ ಭಾಲ್ಕಿಯ ರೈತನ ಮಗ ಸಾವಿರಾರು ರೂಪಾಯಿ ಕೊಟ್ಟು ಆ ಡಬ್ಬಿ ಹೊತ್ತುಕೊಂಡು ಬರುವಾಗ, ಅವನ ಅಪ್ಪನ ಹೊಲದ ಸೋಯಾ ಎಣ್ಣೆ ಮಿಲ್ಲಿಗೆ, ಕಡಲೆ ದಲ್ಲಾಳಿಯ ಗೋದಾಮಿಗೆ ಹೋಗುತ್ತಿರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಈಗ ನಮ್ಮ ಮನೆಯಲ್ಲಿ ತಾಲೀಮಿನ ಹಾಲು ಮತ್ತೆ ಬಂದಿದೆ, ಮೊಮ್ಮಗಳಿಗಾಗಿ. ಬೀದರಿನ ಕಾಲೇಜಿಗೆ ಹೋಗುತ್ತಾಳೆ, ಖೋ ಖೋ ಆಡುತ್ತಾಳೆ. ಕಲಬತ್ತಿನ ಜಾಗಕ್ಕೆ ಮಿಕ್ಸರ್. ಪುಠಾಣಿ ಹಿಟ್ಟು 30 ಗ್ರಾಂ, ಹುರಿದ ಶೇಂಗಾ 20 ಗ್ರಾಂ, ಒಂದು ಚಮಚೆ ಎಳ್ಳು, ರಾತ್ರಿ ನೆನೆಸಿದ ಎರಡು ಉತ್ತತ್ತಿ, 250 ಮಿ.ಲೀ. ಹಾಲು, ಏಲಕ್ಕಿ, ಚಿಟಿಕೆ ಒಣಶುಂಠಿ. ಉತ್ತತ್ತಿಯ ಸಿಹಿಯೇ ಸಾಕು, ಬೆಲ್ಲ ಬೇಡ. ಪುಠಾಣಿಯಿಂದ ಆರು ಗ್ರಾಂ ಮೇಲೆ, ಶೇಂಗಾದಿಂದ ಐದು, ಹಾಲಿನಿಂದ ಎಂಟು, ಎಲ್ಲ ಕೂಡಿ ಸುಮಾರು 20 ಗ್ರಾಂ ಪ್ರೋಟೀನು. ಕುಡಿದರೆ ಶೇಂಗಾ ಹೋಳಿಗೆಯ ಹೂರಣ ಹಾಲಿನಲ್ಲಿ ಕರಗಿದ ಹಾಗೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ಬೆಳೆದವರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. ಐವತ್ತು ಕಿಲೋದ ಹುಡುಗಿಗೆ ಇಡೀ ದಿನಕ್ಕೆ ಬೇಕಾದ್ದರಲ್ಲಿ ಅರ್ಧದಷ್ಟು ಈ ಒಂದು ಗಿಲಾಸದಲ್ಲೇ ಬಂತು. ಸೋಯಾ ಹಾಕುವವರು ಹಸಿಯದನ್ನು ಎಂದಿಗೂ ಹಾಕಬಾರದು, ನೆನೆಸಿ ಚೆನ್ನಾಗಿ ಬೇಯಿಸಿಯೇ ಹಾಕಬೇಕು, ಹಸಿ ಸೋಯಾದಲ್ಲಿ ಪ್ರೋಟೀನ್ ಅರಗುವುದನ್ನು ತಡೆಯುವ ಅಂಶವಿದೆ. ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರರನ್ನು ಕೇಳಿಯೇ ಕುಡಿಯಲಿ.

2013ರ ಆಗಸ್ಟ್ 1ರಂದು ರಾಜ್ಯದಲ್ಲಿ ಶಾಲೆಯ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ ಶುರುವಾದಾಗ ನಾನು ಇನ್ನೂ ಕೆಲಸದಲ್ಲಿದ್ದೆ. ಹಾಲಿನ ಪುಡಿ ಕದಡಿ ಕಾಸಿ, ಒಬ್ಬೊಬ್ಬರಿಗೆ 150 ಮಿ.ಲೀ. ಹುಡುಗರ ಸಾಲು ಒಂದು, ಹುಡುಗಿಯರ ಸಾಲು ಒಂದು, ಅಳೆಯುವ ಸೌಟು ಒಂದೇ. ಹುಡುಗಿಯರ ಸಾಲಿನ ಮುಂದೆ ನಿಂತು ನಾನು ಪ್ರತಿಯೊಬ್ಬಳೂ ಲೋಟ ಖಾಲಿ ಮಾಡುವುದನ್ನು ನೋಡುತ್ತಿದ್ದೆ. ಮನೆಯಲ್ಲಿ ತಮ್ಮನಿಗೆ ಕೊಟ್ಟು ಉಳಿದರೆ ಕುಡಿಯುವವರೇ ಅವರಲ್ಲಿ ಹೆಚ್ಚು. ಶಾಲೆ ಮಾಡಿದ ಈ ಸಮಪಾಲನ್ನು ಮನೆ ಇನ್ನೂ ಮಾಡಿಲ್ಲ. ಬೀದರ್, ಭಾಲ್ಕಿ, ಔರಾದ ಸೀಮೆಯ ತಾಯಂದಿರಲ್ಲಿ ನನ್ನ ವಿನಂತಿ ಇಷ್ಟೆ: ಈ ರಾತ್ರಿ ಒಂದು ಹಿಡಿ ಕಡಲೆ, ಎರಡು ಉತ್ತತ್ತಿ ನೆನೆ ಹಾಕಿರಿ. ಬೆಳಿಗ್ಗೆ ಮಗನಿಗೂ ಕೊಡಿರಿ, ಮಗಳಿಗೂ ಕೊಡಿರಿ, ಇನ್ನೊಂದು ಗಿಲಾಸ ನೀವೂ ಕುಡಿಯಿರಿ.